ಬೆನ್ನಿಗೆ ಸವರೋರು ಯಾರು

...ನಗಬ್ಯಾಡಿ ಸಿಸ್ಟರ್! ಸತ್ಯವಾಗ್ಲೂ ಕೊಟ್ರು. ಮನು, ಅದೇ, ಅರ್ಜಿ! ನಾಕು ಮಡಿಕೆ ಮಡಿಸಿದ ಕಾಗದ, ಕೆಳಗೆ ಅರವತ್ತು ಜನದ ಎಬ್ಬೆಟ್ಟು. ಕೈಯಾಗೆ ಇಟ್ಟಿದ್ದಲ್ದೆ ಕಾಲಿಗೂ ಬಿದ್ರು. ಯಾರ ಕಾಲಿಗೆ? ನನ್ನ ಎಂಡ್ತಿ ಕಾಲಿಗೆ! ಮೇಚೇರಿ ಬಸ್ ಸ್ಟ್ಯಾಂಡ್ನಾಗೆ, ಅಷ್ಟು ಜನದ ಮುಂದೆ, ನಮ್ಮ ಮುನಿರತ್ನಮ್ಮನ ಕಾಲಿಗೆ!

ಯಾಕೆ ಅಂದ್ರೆ? ಕನ್ನಡಕ ಸಿಸ್ಟರ್, ಕನ್ನಡಕ! ನೀವೇ ತಾನೆ ಏಳಿದ್ದು? ಮಾತ್ರೆ ನುಂಗಿ, ಎರಡು ಗಂಟೆ ಬಿಟ್ಟು ಬಿಸಿಲಾಗೆ ಮೈ ಕಾಯಿಸ್ಬೇಕು, ಆ ದಿನ ಪೂರ್ತಿ ಕಪ್ಪು ಕನ್ನಡಕ ತೆಗೀಬಾರ್ದು, ತೆಗೆದ್ರೆ ಕಣ್ಣಿಗೆ ಕೇಡು ಅಂತ. ಅದೂ ಅಲ್ದೆ ಬಿಳೀ ನೂಲಿನ ಸೀರೆ ಉಡ್ಬೇಕು, ಬಣ್ಣದ ನೈಲಾನ್ ಮೈಗೆ ಆಗಲ್ಲ ಅಂತ. ಸರಿ. ಬಿಳೀ ಸೀರೆ, ಕಪ್ಪು ಕನ್ನಡಕ, ಮುಖಕ್ಕೆ ವ್ಯಾಸಲೀನ್ ಬೇರೆ, ಫಳಫಳ ಅಂತೈತೆ. ಅವಳು ಬಸ್ಸಿಗೆ ಕಾಯ್ತಾ ನಿಂತಿರೋ ಜಾಗದಾಗೆ ಯಾರ್ದೋ ಬಿಳೀ ಕಾರು ಬಂದು ನಿಲ್ಬೇಕಾ! ಅಷ್ಟೇ! ಮೆಡ್ರಾಸಿಂದ ಯಾರೋ ತಲೈವಿ ಬಂದವ್ರೆ, ದೊಡ್ಡ ಲೀಡರಮ್ಮ ಅಂತ ಸುದ್ದಿ ಎದ್ದು, ಹೂವಿನ ಅಂಗಡಿಯೋನು ಮಾಲೆ ಇಡ್ಕಂಡು ಓಡಿ ಬಂದ. ಯಾವುದೋ ಊರಿನ ಮುದುಕ, ಬೋರಿಂಗ್ ಕೆಟ್ಟು ಅನ್ನೊಂದು ತಿಂಗಳಾಯ್ತು ತಾಯಿ ಅಂತ ಕಾಲಿಗೆ ಬಿದ್ದ.

ಅವಳು ಏನು ಮಾಡಿದ್ಲು ಗೊತ್ತಾ? ‘ಆಗ್ಲಿ, ನೋಡಾಣ’ ಅಂದ್ಲು! ಅಷ್ಟೇ ಅಂದಿದ್ದು. ಕಾಗದ ಇಡ್ಕಂಡು ಸೀದಾ ಪಂಚಾಯ್ತಿ ಆಫೀಸಿಗೆ ಓದ್ಲು. ಕನ್ನಡಕ ತೆಗೆಯಂಗಿಲ್ವಲ್ಲ, ಅಂಗೇ ಓದ್ಲು. ಗುಮಾಸ್ತ ಎದ್ದು ನಿಂತ್ನಂತೆ. ನಾಕನೇ ದಿನಕ್ಕೆ ಬೋರಿಂಗ್‌ನಾಗೆ ನೀರು!

ನೋಡಿ, ನಕ್ಕುಬಿಟ್ರಿ. ನಗ್ರಿ, ಪರವಾಯಿಲ್ಲೆ. ಈ ಆಸ್ಪತ್ರೆನಾಗೆ ನಗೋರೇ ನೀವೊಬ್ಬರು. ಪುಷ್ಪಾ ಸಿಸ್ಟರ್, ನೀವು ಸೇಲಂ ನೇಯೋರ ಮನೆ ಮಗಳು, ನಮ್ಮ ಕನ್ನಡ ಮಾತು ಬರ್ತೈತೆ, ನಿಮ್ಮತ್ರ ಆದ್ರೆ ಬಾಯಿ ತುಂಬ ಮಾತಾಡಬೌದು ಅಂತ್ಲೇ ನಾನು ಬಸ್ಸಿನಾಗೆ ಅಷ್ಟು ದೂರ...

ಅಂ? ಕೂತ್ಕಂಡೆ, ಕೂತ್ಕಂಡೆ. ಅವಳು ಆ ಪರದೆ ಇಂದೆ ತಾನೆ ಅವ್ಳೆ? ಬೋರಲು ಮಲಗಿಸಿದ್ದೀರಾ? ಸರಿ ಸರಿ. ಜ್ವರ ಮೂರು ದಿನದಿಂದ. ನೀವೇ ಏಳಿದ್ರಲ್ಲ, ಜ್ವರ ಬಂದ್ರೆ, ತೊಗಲು ಬಿರಿದು ಕೀವು ಕಂಡ್ರೆ, ಕಂಕುಳಾಗೆ ಗಂಟು ಸಿಕ್ಕಿದ್ರೆ, ಸುಮ್ಮಾ ಮನೇನಾಗೆ ಇಟ್ಕಂಡು ಕೂರ್ಬ್ಯಾಡಿ, ಓಡಿ ಬನ್ನಿ ಅಂತ. ಓಡಿ ಬಂದ್ವಿ. ನೀವು ಏಳಿದ ಒಂದು ಮಾತೂ ನಾನು ಬಿಟ್ಟಿಲ್ಲ. ಒಂದೂ! ಪರೀಕ್ಷೆ ಬೇಕಾದ್ರೆ ಮಾಡಿ.

ಆರು ವರ್ಸ ಸಿಸ್ಟರ್, ಆರು ವರ್ಸ ನಾವು ಅದನ್ನ ಉಳುಕಡ್ಡಿ ಅಂದ್ಕಂಡೇ ಕಳೆದ್ವಿ. ಸೊಂಟದತ್ರ ಒಂದು ಕೆಂಪು ಮಚ್ಚೆ. ಆಮೇಲೆ ತೊಡೆಗೆ. ಆಮೇಲೆ ಬೆನ್ನಿಗೆ... ಮೈಯೆಲ್ಲಾ ಮ್ಯಾಪ್ ಬರೆದಂಗೆ. ಮೆಡಿಕಲ್ ಶಾಪಿನ ಟ್ಯೂಬು ಸವರಿದ್ವಿ, ಸೊಪ್ಪು ಅರೆದು ಸವರಿದ್ವಿ, ಯಾರೋ ಬ್ಯಾಟರಿ ನೀರು ಒಳ್ಳೇದು ಅಂದ್ರು, ಪುಣ್ಯಕ್ಕೆ ಅದೊಂದು ಸವರ್ಲಿಲ್ಲ. ಕೆರೆದೂ ಕೆರೆದೂ ಅವಳ ಉಗುರೇ ಸವೆದಿತ್ತು. ಆಮೇಲೆ ಇಲ್ಲಿಗೆ ಬಂದು, ಡಾಕ್ಟರು ಅಕ್ಕಿಕಾಳಷ್ಟು ತೊಗಲು ಮೂರು ಸಲ ಕಿತ್ತು, ಮೂರನೇ ಸಲಕ್ಕೆ ಕಾಯಿಲೆ ಎಸರು ಸಿಕ್ತು. ಲಿಂಫೋಮಾ. ತೊಗಲಿನ ಲಿಂಫೋಮಾ. ಡಾಕ್ಟರು ಎರಡು ನಿಮಿಷದಾಗೆ ಏಳಿ ಎದ್ದೋದ್ರು. ಅದು ಏನು ಅಂತ ಏಳಿದ್ದು ನೀವು. ಆ ಬೆಂಚಿನ ಮ್ಯಾಲೆ ನಮ್ಮಿಬ್ಬರನ್ನೂ ಕೂರಿಸ್ಕಂಡು ಒಂದು ಗಂಟೆ! ಇದು ಒಂದು ತರ ಕ್ಯಾನ್ಸರೇ, ಆದ್ರೆ ನಿಧಾನದ್ದು, ಎತ್ತಿನ ಗಾಡಿ ಇದ್ದಂಗೆ, ತೊಗಲನ್ನ ಮಗು ತರ ನೋಡ್ಕಂಡ್ರೆ ಬಾಳಾ ವರ್ಸ ಬದುಕಬೌದು ಅಂದ್ರಿ. ಅವಳು ಆವತ್ತು ಒಂದೇ ಒಂದು ಪ್ರಶ್ನೆ ಕೇಳಿದ್ಲು. ‘ಇದು ಅಂಟ್ಕಣ್ತದಾ ಸಿಸ್ಟರ್?’ ನೀವು ಅಂಟಲ್ಲ ಅಂದು, ಅವಳ ಕೈ ಎಳ್ಕಂಡು ನಿಮ್ಮ ಕೆನ್ನೆಗೆ ಒತ್ಕಂಡ್ರಿ...

ನಂಗೆ ನೆನಪೈತೆ. ಎಲ್ಲಾ ನೆನಪೈತೆ.

ನೆನಪಿರೋದು ಏನು ಬಂತು, ಕ್ಯಾಸೆಟ್ಟೇ ಮಾಡಿಸಿದೆ! ನಾನು ಯಾರು ಅಂದ್ಕಂಡ್ರಿ? ಮೈಕ್ ಸೆಟ್ ಕುಪ್ಪಸ್ವಾಮಿ! ಮೇಚೇರಿ ಸುತ್ತ ಇಪ್ಪತ್ತು ಊರಿಗೆ ಮದುವೆ, ಕಿವಿ ಚುಚ್ಚೋದು, ಕುರಿ ಸಂತೆ, ಎಲ್ಲಾಕೂ ನನ್ನ ಗಂಟಲೇ. ನಿಮ್ಮ ಪಾಠನೆಲ್ಲ ಮದುವೆ ನೋಟೀಸಿನ ಇಂಬದೀಲಿ ಬರ್ಕಂಡೆ. ಕನ್ನಡ ಬರೆಯಕ್ಕೆ ಬರಲ್ವಲ್ಲ, ತಮಿಳು ಅಕ್ಷರದಾಗೆ ನಮ್ಮ ಮಾತು ಬರ್ಕಂಡೆ. ಆಮೇಲೆ ನನ್ನ ಗಂಟಲಾಗೆ ಏಳಿ, ಕ್ಯಾಸೆಟ್ ಮಾಡಿ, ಸಂತೆ ದಿನ ಕುರಿ ಅನೌನ್ಸ್‌ಮೆಂಟ್ ಮಧ್ಯ ಮಧ್ಯ ಬಿಡ್ತೀನಿ. ‘ಅನ್ಬುಳ್ಳ, ಪ್ರೀತಿಯ ಜನಗಳೇ! ಒಂದು ಕರೀ ಟಗರು ಕಾಣೆಯಾಗಿದೆ, ಬಲಗಿವಿ ಸೀಳಿದೆ, ಕಂಡೋರು ಮೈಕಿನತ್ರ ಬನ್ನಿ... ಉಗುರು ಕತ್ತರಿಸ್ಕೊಳ್ಳಿ! ಮೈ ಕೆರಿಬೇಡಿ! ಸುಡು ನೀರು ಬೇಡ, ಬೆಚ್ಚಗಿನ ನೀರು! ಟವಲಿನಾಗೆ ಉಜ್ಜಬೇಡಿ, ಒತ್ತಿ ಒತ್ತಿ ಒರೆಸಿ! ತೊಗಲಿನ ಲಿಂಫೋಮಾ ಅಂಟೋ ಕಾಯಿಲೆ ಅಲ್ಲ! ಅಲ್ಲವೇ ಅಲ್ಲ! ಒಂದೇ ತಟ್ಟೆಯಲ್ಲಿ ಉಣ್ಣಬೌದು! ಒಂದೇ ಚಾಪೆಯಲ್ಲಿ ಮಲಗಬೌದು!’

ಇಪ್ಪತ್ತು ಊರಿನಾಗೆ ಈ ಕಾಯಿಲೆ ಇರೋದು ಅವಳೊಬ್ಬಳಿಗೆ ಸಿಸ್ಟರ್. ಆದ್ರೂ ಎಲ್ಲರಿಗೂ ಬಾಯಿಪಾಠ!

ಕುರಿ ವ್ಯಾಪಾರಿ ಪಳನಿಯಪ್ಪನ್ ಅವನಲ್ಲ, ಅವನು ಇದನ್ನ ಕೇಳಿ, ತುಪ್ಪಟ ಉದುರಿದ ಟಗರಿಗೆ ತಲೆಯಿಂದ ಬಾಲದವರ್ಗೂ ವ್ಯಾಸಲೀನ್ ಸವರಿ ಸಂತೆಗೆ ತಂದ. ಮಿರಮಿರ ಮಿಂಚ್ತೈತೆ ಪ್ರಾಣಿ! ನೋಡಿದೋರೆಲ್ಲ ‘ಇದು ಯಾವ ಜಾತಿ, ಇದು ಯಾವ ಜಾತಿ’ ಅಂತಾರೆ. ಕೊಂಡುಕೊಳ್ಳೋನು ಎತ್ತಿ ತೂಕ ನೋಡಾಣ ಅಂತ ಅಪ್ಪಿಕೊಂಡ, ಜಾರ್ತು. ಇನ್ನೊಬ್ಬ ಇಡಿದ, ಜಾರ್ತು. ಅಷ್ಟೇ, ಟಗರು ಸಂತೆ ತುಂಬ ಓಡ್ತೈತೆ, ಮೂವತ್ತು ಜನ ಅದರ ಇಂದೆ, ಇಡಿದೋರ ಕೈಯಿಂದೆಲ್ಲ ಸರ್‍ರ್ ಸರ್‍ರ್ ಅಂತ ಕಳಚ್ಕಂತೈತೆ. ನಾನು ಮೈಕಿನಾಗೆ ‘ಜಾರುವ ಟಗರು ಬರ್ತಾ ಐತೆ, ದಾರಿ ಬಿಡಿ, ಮಕ್ಕಳನ್ನ ಎತ್ಕಳಿ’ ಅಂತ ಕೂಗಿದ್ದೇ ಕೂಗಿದ್ದು!

ಮನೇನಾಗಾ? ಮನೇನಾಗೆ ಇನ್ನೂ ಕಟ್ಟುನಿಟ್ಟು. ಸ್ನಾನ ಆಗಿ ಮೂರು ನಿಮಿಷದೊಳಗೆ ವ್ಯಾಸಲೀನ್ ಸವರ್ಬೇಕು ಅಂದ್ರಿ ತಾನೆ, ತೊಗಲಿನ ನೀರು ಆರೋಕೆ ಮುಂಚೆ? ಮಾಳಿಗೆ ಮ್ಯಾಲೆ ಆರ್ನ್ ಸ್ಪೀಕರ್ ಕಟ್ಟಿದ್ದೀನಿ. ಅವಳು ಬಚ್ಚಲ ಚಿಲಕ ತೆಗೆದ ಶಬ್ದ ಆದ್ರೆ ಸಾಕು, ‘ಮುನಿರತ್ನಮ್ಮ ಸ್ನಾನ ಮುಗೀತು! ಒಂದು ನಿಮಿಷ... ಎರಡು ನಿಮಿಷ...’ ಪಕ್ಕದ ಮನೆ ಪೊನ್ನಮ್ಮ ಅದನ್ನ ಕೇಳ್ಕಂಡೇ ಮೊಟ್ಟೆ ಬೇಯಿಸ್ತಾಳೆ. ಎರಡು ಸ್ನಾನಕ್ಕೆ ಒಂದು ಮೊಟ್ಟೆ ಗಟ್ಟಿ ಅಂತೆ! ಅಷ್ಟು ಒತ್ತು ಯಾರು ಕಾಯ್ತಾರೆ, ನೀನು ಬೇಗ ಇನ್ನೊಂದು ಸಲ ಮೀಯಮ್ಮ ಅಂತ ಬಂದು ಕೇಳ್ತಾಳೆ.

ಮುನಿರತ್ನ ಬೈತಾಳಾ ಅಂದ್ರಾ? ಇಲ್ಲ... ಬೈಯಲ್ಲ. ಏನೂ ಅನ್ನಲ್ಲ. ಮುಂಚೆ ಅನ್ನೋಳು. ಈಗ ಕನ್ನಡಕ ಆಕ್ಕಂಡ್ರೆ ಮುಖ ಯಾವ ಕಡೆ ಐತೆ ಅನ್ನೋದೇ ಗೊತ್ತಾಗಲ್ಲ.

ಬಿಸಿಲಿಗೂ ವ್ಯವಸ್ಥೆ ಮಾಡಿದ್ದೀನಿ. ಮಾಳಿಗೆ ಮ್ಯಾಲೆ ನಾಕು ಮೈಕ್ ಕಂಬ ನೆಟ್ಟು, ಸುತ್ತ ಪಂಚೆ ಕಟ್ಟಿ ಮರೆ ಮಾಡಿದ್ದೀನಿ. ಮೊದಲು ಐದು ನಿಮಿಷ, ಆಮೇಲೆ ಆರು, ಏಳು, ನೀವು ಬರ್ಕೊಟ್ಟಂಗೇ. ಊರೋರು ಏನು ತಿಳ್ಕಂಡ್ರು ಏಳಿ? ಶೂಟಿಂಗು! ಮಾಳಿಗೆ ಮ್ಯಾಲೆ ಶೂಟಿಂಗ್ ನಡೀತೈತೆ ಅಂತ ಎದುರುಗಡೆ ಉಣಸೆ ಮರ ಅತ್ತಿ ಕೂತವ್ರೆ...

ಅಂ?

ಬೆನ್ನಾ?

ಬೆನ್ನು... ಏನು ಸಿಸ್ಟರ್ ಇದ್ದಕ್ಕಿದ್ದಂಗೆ ಬೆನ್ನು ಅಂತೀರಾ, ನಾನು ಉಣಸೆ ಮರದ ವಿಷಯ ಏಳ್ತಿದ್ದೆ. ಒಂದು ಕೊಂಬೆ ಮುರಿದು...

ಸರಿ. ಬೆನ್ನು. ಬೆನ್ನಿಗೆ ಸವರೋರು ಯಾರು ಅಂತ ತಾನೆ ಕೇಳಿದ್ದು? ಅವಳ ಕೈ ಅವಳ ಬೆನ್ನಿಗೆ ಎಟಕಲ್ಲ, ನಿಜ. ಯಾರ ಕೈ ಎಟಕ್ತದೆ? ನೀವೇ ಏಳಿದ್ರಿ, ‘ಕುಪ್ಪಸ್ವಾಮಿ, ಬೆನ್ನು ನಿಮ್ಮ ಪಾಲು’ ಅಂತ. ನಾನೇ ಸವರೋದು. ಇನ್ಯಾರು? ಮನೇನಾಗೆ ಇರೋರು ಇಬ್ಬರೇ. ಕಂಡಿಪ್ಪಾ, ಖಂಡಿತ ನಾನೇ.

ಎಂಗೆ ಅಂದ್ರೆ... ಅದಕ್ಕೊಂದು ಐಡಿಯಾ ಮಾಡಿದ್ದೀನಿ ಸಿಸ್ಟರ್, ಇದನ್ನ ನೀವು ಕೇಳ್ಬೇಕು, ಕೇಳಿದ್ರೆ ಇಲ್ಲಿ ಎಲ್ಲರಿಗೂ ಏಳ್ಕೊಡ್ತೀರಾ. ಮೈಕ್ ಸ್ಟ್ಯಾಂಡ್ ಐತಲ್ಲ? ಕತ್ತು ಬೇಕಾದಂಗೆ ಬಾಗ್ತದಲ್ಲ, ಆ ತರದ್ದು. ಅದರ ತುದಿಗೆ ಮೈಕಿಗೆ ಆಕೋ ಸ್ಪಂಜಿನ ಟೋಪಿ ಸಿಕ್ಕಿಸಿ, ವ್ಯಾಸಲೀನಿಗೆ ಅದ್ದಿ, ದೂರದಿಂದಲೇ ಇಂಗೆ... ಇಂಗೆ... ಸುಣ್ಣ ಒಡೆದಂಗೆ! ಮ್ಯಾಲಿಂದ ಕೆಳಕ್ಕೆ ಒಂದೇ ಎಳೆತ! ಅವಳು ಬಾಗಿಲಿಗೆ ಬೆನ್ನು ಮಾಡಿ ಕೂರ್ತಾಳೆ, ನಾನು ಅಜಾರದಾಗೆ ನಿಂತ್ಕಂಡು...

ಯಾಕೆ ನಗ್ಲಿಲ್ಲ?

ಇದು ನಗೋ ಜಾಗ ಸಿಸ್ಟರ್.

ನನ್ನ ಕೈ ಒರಟು ಅಂತ ಅಂಗೆ ಮಾಡಿದ್ದು. ನೋಡಿ, ವೈರು ಸುತ್ತಿ ಸುತ್ತಿ ಕಾಯಿ ಬಿದ್ದೈತೆ. ಅವಳ ತೊಗಲು ಈರುಳ್ಳಿ ಪೊರೆ ಇದ್ದಂಗೆ ಆಗೈತೆ, ಗೀರಿದ್ರೆ ಏನು ಗತಿ? ಆಮೇಲೆ ಕೈನಾಗೆ ಯಾವಾಗ್ಲೂ ಬ್ಯಾಟರಿ ಆಸಿಡ್ಡು. ಆಮೇಲೆ... ಅವಳಿಗೂ ನಾಚಿಕೆ. ಇಷ್ಟು ವಯಸ್ಸಾದ್ಮೇಲೆ... ಅಲ್ವಾ?

ಏನಾದ್ರೂ ಅನ್ನಿ ಸಿಸ್ಟರ್. ಇಷ್ಟೊತ್ತು ನಗ್ತಾ ಇದ್ರಿ. ನೀವು ಅಂಗೆ ಸುಮ್ಮನೆ ನೋಡಿದ್ರೆ ನಂಗೆ ಸಂತೆನಾಗೆ ಕರೆಂಟ್ ಓದಂಗೆ ಆಗ್ತದೆ.

ಅಣ್ಣಾಮಲೈನೂ ಒಂದ್ಸಲ ಇಂಗೇ ನೋಡ್ದ. ಅವನು ಕುರಿ ಕಾಯೋ ಮುದುಕ, ಕಿವಿ ಮಂದ, ಮೈಕ್ ಪಕ್ಕದಾಗೇ ಬಂದು ಕೂತ್ಕಂತಾನೆ. ಆವತ್ತು ಮುನಿರತ್ನ ನಂಗೆ ಸಂತೆಗೆ ಊಟ ತಂದಿದ್ಲು. ಮುದ್ದೆ, ಕುರಿ ಸಾರು. ನಾನು ‘ಒಂದೇ ತಟ್ಟೆಯಲ್ಲಿ ಉಣ್ಣಬೌದು’ ಅಂತ ಗಟ್ಟಿಯಾಗಿ ಕೂಗಿ ಮುಗಿಸ್ದೆ ನೋಡಿ, ಅಣ್ಣಾಮಲೈ ಎದ್ದು ನಿಂತು, ‘ನಿನ್ನ ಮಾತು ನಂಬ್ತೀನಿ ಕಣ್ಲಾ ಕುಪ್ಪಸ್ವಾಮಿ. ಎಲ್ಲಿ, ಅವಳ ತಟ್ಟೆಯಿಂದ ಒಂದು ತುತ್ತು ಉಣ್ಣು, ನಾವೂ ನೋಡ್ತೀವಿ’ ಅಂದ. ಕೆಟ್ಟದ್ದಕ್ಕೆ ಕೇಳಿದ್ದಲ್ಲ ಸಿಸ್ಟರ್. ನಾಕು ಜನಕ್ಕೆ ಧೈರ್ಯ ಬರ್ಲಿ ಅಂತ. ಸಂತೆಯೆಲ್ಲ ತಿರುಗಿ ನೋಡ್ತು. ಅವಳೂ ತುತ್ತು ಇಡ್ಕಂಡು ಅಂಗೇ ಕೂತವ್ಳೆ.

ನಾನು... ಬ್ಯಾಟರಿ ಇಳೀತು ಅಂದೆ. ಬ್ಯಾಟರಿ ಇಳೀತು, ಮೈಕ್ ನಿಲ್ಸ್ತೀನಿ ಅಂತ ವೈರು ಸುತ್ಕಂಡು ಆ ಕಡೆ ಓದೆ.

ಅಣ್ಣಾಮಲೈನೇ ಅವಳ ತಟ್ಟೆಗೆ ಕೈ ಆಕಿ ಉಂಡ್ನಂತೆ. ಆಮೇಲೆ ಏಳಿದ್ರು.

ಅದು... ಅದೇನು ಸಿಸ್ಟರ್ ಕೈನಾಗೆ? ಅತ್ತಿ ಉಂಡೆನಾ? ಅವಳ ಬೆನ್ನು ಒರೆಸಿದ್ದಾ? ಕೀವು ಐತೆ... ರಕ್ತ... ಆ ಬಿಳೀದು ಏನು? ಚಕ್ಕೆ ಚಕ್ಕೆ ಆಗಿ... ಮರುಂದಾ? ನೀವು ಮುಲಾಮು ಬಳಿದಿದ್ದೀರಾ?

ಇಲ್ವಾ?

...

ಸುಣ್ಣ.

ಗೋಡೆ ಸುಣ್ಣ ಅದು. ನಮ್ಮನೆ ಗೋಡೇದೇ.

ಅವಳು ಏಳಿದ್ಲಾ? ಏಳ್ಲಿಲ್ವಾ? ಕೇಳಿದ್ರೂ ಬಾಯಿ ಬಿಡ್ಲಿಲ್ವಾ... ಬಿಡಲ್ಲ ಅವಳು. ಅವಳು ನನ್ನ ಮ್ಯಾಲೆ ಯಾರತ್ರನೂ ಒಂದು ಮಾತು ಆಡೋಳಲ್ಲ. ಗಾಯದೊಳಗೆ ಸುಣ್ಣ ಕೂತ್ಕಂಡು ಏಳ್ತಾ ಐತೆ ನೋಡಿ.

ಸ್ಟ್ಯಾಂಡು ಒಂದು ವಾರ ನಡೀತು ಸಿಸ್ಟರ್. ಒಂದೇ ವಾರ. ಎಂಟನೇ ದಿನ ಅವಳು ಎದ್ದು ನಿಂತ್ಲು. ‘ನಾನೇನು ಗೋಡೆನಾ?’ ಅಂದ್ಲು. ಅಷ್ಟೇ. ಮಾರನೇ ದಿನದಿಂದ ಸ್ನಾನ ಆದ್ಮೇಲೆ ಕೋಣೆ ಬಾಗಿಲು ಆಕ್ಕಂಡುಬಿಡೋಳು. ನಾನು ಒಂದು ದಿನ ಸಂದಿಯಾಗೆ ನೋಡ್ದೆ. ವ್ಯಾಸಲೀನ್ ಡಬ್ಬಿ ತಗಂಡು, ಗೋಡೆಗೆ ಬಳೀತಾ ಅವ್ಳೆ. ಅವಳ ಬೆನ್ನಿನ ಎತ್ತರಕ್ಕೆ. ಬಳಿದು, ತಿರುಗಿ ನಿಂತು, ಎಮ್ಮೆ ಕಂಬಕ್ಕೆ ಉಜ್ಜಿಕೊಳ್ತದಲ್ಲ... ಅಂಗೆ... ಮ್ಯಾಲೆ ಕೆಳಗೆ, ಮ್ಯಾಲೆ ಕೆಳಗೆ... ಕಣ್ಣು ಮುಚ್ಕಂಡು...

ನಾನು ಬಾಗಿಲು ತಳ್ಳಬೌದಿತ್ತು. ಚಿಲಕ ಆಕಿರ್ಲಿಲ್ಲ. ತಳ್ಳಲಿಲ್ಲ. ಓಗಿ ಮೈಕ್ ಆನ್ ಮಾಡಿ, ‘ಎರಡು ನಿಮಿಷ’ ಅಂದೆ.

ಐದು ತಿಂಗಳು ಸಿಸ್ಟರ್. ಐದು ತಿಂಗಳಿಂದ ಗೋಡೆ ಅವಳಿಗೆ ಸವರ್ತಾ ಐತೆ.

ಬೈರಿ. ಬೈದುಬಿಡ್ರಿ, ನಂಗೂ ಸಲೀಸು. ಅಂಟಲ್ಲ ಅಂತ ನಂಗೆ ಗೊತ್ತಿಲ್ಲ ಅಂದ್ಕಂಡ್ರಾ? ಇಪ್ಪತ್ತು ಊರಿಗೆ ಏಳಿದೋನು ನಾನು! ಬಾಯಿಗೆ ಗೊತ್ತು ಸಿಸ್ಟರ್. ಬಾಯಿಗೆ ಚೆನ್ನಾಗಿ ಗೊತ್ತು. ಈ ಕೈಗೆ ಗೊತ್ತಿಲ್ಲ. ಆವತ್ತು ನೀವು ಪಾಠ ಏಳಿ ಕಳಿಸಿದ್ರಲ್ಲ, ಆಸ್ಪತ್ರೆ ಮೆಟ್ಟಿಲು ಇಳೀವಾಗ ಅವಳಿಗೆ ತಲೆ ಸುತ್ತಿ, ಕೈ ಚಾಚಿದ್ಲು. ನಾನು ಕೊಡೆ ತುದಿ ಕೊಟ್ಟೆ. ಬೇಕು ಅಂತ ಅಲ್ಲ ಸಿಸ್ಟರ್, ದೇವರಾಣೆಗೂ ಬೇಕು ಅಂತ ಅಲ್ಲ, ಕೈ ತಾನಾಗೇ... ಅವಳು ಒಂದು ಗಳಿಗೆ ಕೊಡೆನ ನೋಡಿದ್ಲು. ಆಮೇಲೆ ಅದನ್ನೇ ಇಡ್ಕಂಡು ಇಳಿದ್ಲು. ಬಸ್ ಸ್ಟ್ಯಾಂಡಿನವರ್ಗೂ ಆ ಕಡೆ ತುದಿ ಅವಳು, ಈ ಕಡೆ ತುದಿ ನಾನು.

ಆವತ್ತಿಂದ ಮುಟ್ಟಿಲ್ಲ. ಆರು ತಿಂಗಳು.

ಅದಕ್ಕೇ ಅಷ್ಟು ಜೋರಾಗಿ ಕೂಗ್ತಿದ್ದೆನೋ ಏನೋ. ಜೋರಾಗಿ ಏಳಿದ್ರೆ ಕೈಗೂ ಕೇಳಿಸ್ತದೆ ಅಂತ.

...

ಏನು ಸಿಸ್ಟರ್, ಎದ್ರಿ? ಎಲ್ಲಿಗೆ? ಇದೇನು... ಸೋಪಾ? ನಾನಾ?

ಈಗ್ಲಾ?

ಇಲ್ಲ ಇಲ್ಲ, ಬರ್ತೀನಿ. ತೊಳೀತೀನಿ. ಬೆರಳ ಸಂದಿನೂ ತೊಳೀತೀನಿ. ಉಗುರು ಕತ್ತರಿಸಿದ್ದೀನಿ, ನೋಡಿ. ...ಆಯ್ತು. ಒರೆಸ್ಕಂಡೆ. ಎಷ್ಟು ತಗೋಬೇಕು? ಇಷ್ಟಾ? ಗಾಯದ ಮ್ಯಾಲೆ ಬ್ಯಾಡ್ವಾ? ಪಟ್ಟಿ ಆಕಿರೋ ಜಾಗ ಬಿಟ್ಟು, ಸುತ್ತ. ಸರಿ. ಭುಜದಿಂದ ಶುರುನಾ? ಸರಿ...

ಪರದೆ ನೀವೇ ಸರಿಸಿ ಸಿಸ್ಟರ್. ಕೈನಾಗೆ ವ್ಯಾಸಲೀನ್ ಐತೆ.

ನಿದ್ದೆ ಬಂದೈತಾ ಇವಳಿಗೆ? ಎಷ್ಟು ಸಣ್ಣಗಾಗವ್ಳೆ... ಕನ್ನಡಕ ಪಕ್ಕದಾಗೆ ಇಟ್ಕಂಡವ್ಳೆ.

ಇಂಗಾ? ...ಇಂಗೆ. ಮೆಲ್ಲಗೆ.

ಅಯ್ಯೋ, ಸುಡ್ತೈತೆ ಸಿಸ್ಟರ್. ಮೈ ಕೆಂಡ ಆಗೈತೆ. ನಾನು ಮೂರು ದಿನದಿಂದ ಜ್ವರ ಜ್ವರ ಅಂತೀನಿ, ಎಷ್ಟು ಅಂತ ನಂಗೆ ಈಗ...

ಏನಂದೆ ಮುನಿರತ್ನ? ಗಟ್ಟಿಯಾಗಿ ಏಳು, ಕೇಳಿಸ್ಲಿಲ್ಲ.

ಆರಾಮಾಗೈತೆ ಅಂದ್ಯಾ? ‘ಸಿಸ್ಟರ್ ಕೈ ತಣ್ಣಗೈತೆ’ ಅಂದ್ಯಾ?

ಸಿಸ್ಟರ್ ಅಲ್ಲ ಕಣೇ... ತಿರುಗ್ಬ್ಯಾಡ, ಪಟ್ಟಿ ಕಿತ್ಕಂತದೆ. ಸಿಸ್ಟರ್ ಆ ಕಡೆ ನಿಂತವ್ರೆ. ಕೈ ಅವರ್ದಲ್ಲ.

ನಾನು.